ಕಂಪ್ಯೂಟರ್ ಕಸೂತಿ: ವಿನ್ಯಾಸಗಳನ್ನು ಜೋಡಿಸಿಡುವ ಕ್ರಮ, ಸಾಮಾನ್ಯ ತೊಂದರೆಗಳಿಗೆ ಪರಿಹಾರ



ಅಡಿಕೆಗೆ ಬೋರ್ಡೋ ಸಿಂಪಡಣೆ, ಕಾಫಿ ಗಿಡದ ಚಿಗುರು ತೆಗೆಯುವುದು, ಗೊಬ್ಬರದ ಪ್ರಮಾಣ, ಇಂಥ ವಿಷಯಗಳನ್ನು ಓದುವ ಈ ಪುಟಗಳಲ್ಲಿ ಕಸೂತಿ ಯಂತ್ರದ ಪಾಠ ಏಕೆ ಬಂತು ಎಂದು ಕೆಲವರಿಗೆ ಅನಿಸಬಹುದು. ಕಾರಣ ಸರಳವಾಗಿದೆ. ಸಣ್ಣ ಹಿಡುವಳಿಯ ಅನೇಕ ಮನೆಗಳಲ್ಲಿ ಹೊಲಿಗೆ ಯಂತ್ರದ ಪಕ್ಕದಲ್ಲಿ ಕಂಪ್ಯೂಟರ್ ಎಂಬ್ರಾಯಿಡರಿ ಯಂತ್ರವೂ ಬಂದು ಕುಳಿತಿದೆ. ಹಲವರು ಅದನ್ನು ಸಾಲ ಮಾಡಿ ತಂದಿದ್ದಾರೆ. ಬೆಳೆಯ ಹಣ ವರ್ಷಕ್ಕೊಮ್ಮೆಯೋ ಎರಡು ಸಲವೋ ಬಂದರೆ, ಸಾಲದ ಕಂತು ಪ್ರತಿ ತಿಂಗಳೂ ಬರುತ್ತದೆ. ಯಂತ್ರ ಎರಡು ದಿನ ನಿಂತರೆ, ಅಥವಾ ಗಿರಾಕಿಯ ರೇಷ್ಮೆ ಬಟ್ಟೆ ಒಂದು ಕೆಟ್ಟರೆ, ಆ ತಿಂಗಳ ಕಂತಿಗೆ ತೋಟದ ದುಡ್ಡನ್ನೇ ಎತ್ತಬೇಕಾಗುತ್ತದೆ. ಆದಕಾರಣ ಇದೂ ಬೆಳೆಗಾರರ ವಿಷಯವೇ ಆಗಿದೆ.

ಈ ಪಾಠಕ್ಕೆ ನಾವು ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಕಡೆಯ ಸಂಸಾರಗಳನ್ನು ಕಣ್ಣ ಮುಂದೆ ಇಟ್ಟುಕೊಂಡಿದ್ದೇವೆ. ಅಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ; ಕೊಳವೆಬಾವಿಯೇ ಆಧಾರ. ಹಿಪ್ಪುನೇರಳೆ ಬೆಳೆದು, ಹುಳು ಮೇಯಿಸಿ, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಒಯ್ಯುವುದು ಆ ಸೀಮೆಯ ಜೀವನ. ಶಿಡ್ಲಘಟ್ಟದ್ದು ನಾಡಿನ ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ಒಂದು. ಎಳೆಯ ಬೆಲೆ, ಎಳೆಯ ಬಿಗಿ ಬಲ್ಲ ಜನರು ಅವರು. ಆದರೆ ನಾಲ್ಕನೇ ಜ್ವರ ಎದ್ದ ಹುಳುವಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕಾದ ವಾರದಲ್ಲೇ ಮದುವೆಯ ರವಿಕೆಗಳೂ ಬಂದು ಬೀಳುತ್ತವೆ. ಮಲೆನಾಡಿನಲ್ಲಿಯೂ ಹೀಗೆಯೇ: ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿಯುವ ಮೊದಲೇ ಮಾಘ ಮಾಸದ ಲಗ್ನಗಳು ಶುರುವಾಗುತ್ತವೆ. ಕೈ ಬಿಡುವಿಲ್ಲದ ಅಂಥ ಹೊತ್ತಿನಲ್ಲಿ ಬೇಕಾದ ವಿನ್ಯಾಸ ಸಿಗದಿರುವುದು, ಸಿಕ್ಕಿದ್ದು ಸರಿಯಾಗಿ ಹೊಲಿಯದಿರುವುದು, ಇವೆರಡೇ ದೊಡ್ಡ ಕಾಟ. ಇವೆರಡಕ್ಕೂ ಒಂದೇ ಬೇರು ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ. ವಿನ್ಯಾಸಗಳನ್ನು ದಾಸ್ತಾನಿನಂತೆ ವಿಂಗಡಿಸಿ, ಚೀಟಿ ಕಟ್ಟಿ, ಪುಸ್ತಕದಲ್ಲಿ ಬರೆದಿಟ್ಟವರಿಗೆ ತೊಂದರೆಯ ಕಾರಣವೂ ಬೇಗ ಕೈಗೆ ಸಿಗುತ್ತದೆ.

1. ವಿನ್ಯಾಸದ ಕಡತ ಎಂದರೇನು?

1863ರಲ್ಲಿ ಸ್ವಿಟ್ಜರ್ಲೆಂಡಿನ ಐಸಾಕ್ ಗ್ರೋಬ್ಲಿ ಎಂಬಾತನು ಹೊಲಿಗೆ ಯಂತ್ರದ ಮೇಲುದಾರ, ಕೆಳದಾರಗಳ ಕ್ರಮವನ್ನು ಕಸೂತಿಗೆ ಅಳವಡಿಸಿದನು. ಮುಂದೆ ಇಂಥ ಯಂತ್ರಗಳಿಗೆ ರಂಧ್ರ ಹೊಡೆದ ಪಟ್ಟಿಗಳೇ ದಾರಿ ಹೇಳುತ್ತಿದ್ದವು. ಇಂದಿಗೂ ಪೇಟೆಯಲ್ಲಿ ಹೊಸ ವಿನ್ಯಾಸ ಮಾಡಿಸುವುದಕ್ಕೆ 'ಪಂಚಿಂಗ್ ಮಾಡಿಸುವುದು' ಎಂದೇ ಹೇಳುವುದುಂಟು. 1990ರಲ್ಲಿ ಜಪಾನಿನ ಜನೋಮೆ ಕಂಪನಿಯು ಮೆಮೊರಿ ಕ್ರಾಫ್ಟ್ 8000 ಎಂಬ ಯಂತ್ರವನ್ನು ಮನೆಬಳಕೆಗೆ ತಂದ ಮೇಲೆ ಈ ಕೆಲಸ ಕಾರ್ಖಾನೆಯಿಂದ ಮನೆಗೂ ಇಳಿಯಿತು.

ಈಗ ಆ ಪಟ್ಟಿಯ ಜಾಗದಲ್ಲಿ ಕಡತ ಬಂದಿದೆ. ಕಡತಗಳಲ್ಲಿ ಎರಡು ಜಾತಿ ಎಂಬುದನ್ನು ಮೊದಲು ತಿಳಿಯಬೇಕು.

ಮೊದಲನೆಯದು ಹೊಲಿಗೆ ಕಡತ. ಇದರಲ್ಲಿ ಚಿತ್ರವಿರುವುದಿಲ್ಲ, ಸೂಜಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬ ಹೆಜ್ಜೆಗಳ ಪಟ್ಟಿ ಇರುತ್ತದೆ. ತಾಜಿಮಾ ಯಂತ್ರಗಳಿಂದ ಬಂದ ಡಿಎಸ್‌ಟಿ, ಬ್ರದರ್ ಯಂತ್ರದ ಪಿಇಎಸ್, ಜನೋಮೆ ಯಂತ್ರದ ಜೆಇಎಫ್, ಇವು ನಮ್ಮ ಕಡೆ ಹೆಚ್ಚು ಕಾಣುವ ಬಗೆಗಳು. ಡಿಎಸ್‌ಟಿ ಕಡತದಲ್ಲಿ ಹೆಜ್ಜೆಯನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಬರೆದಿರುತ್ತದೆ. ದಾರದ ಬಣ್ಣ ಯಾವುದು ಎಂಬುದು ಅದರಲ್ಲಿ ಇರುವುದೇ ಇಲ್ಲ. 'ಇಲ್ಲಿ ನಿಂತು ದಾರ ಬದಲಿಸು' ಎಂಬ ಸೂಚನೆ ಮಾತ್ರ ಇರುತ್ತದೆ. ನವಿಲಿನ ಕತ್ತು ಪರದೆಯ ಮೇಲೆ ಕೆಂಪಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ಬಣ್ಣದ ಪಟ್ಟಿಯನ್ನು ನಾವೇ ಬರೆದಿಟ್ಟುಕೊಳ್ಳಬೇಕು.

ಎರಡನೆಯದನ್ನು ನಾವು ತಾಯಿ ಕಡತ ಎಂದು ಕರೆಯೋಣ. ವಿಲ್ಕಾಮ್ ಮುಂತಾದ ತಂತ್ರಾಂಶದಲ್ಲಿ ವಿನ್ಯಾಸ ಮಾಡುವವರು ಇಟ್ಟುಕೊಳ್ಳುವ ಮೂಲ ಇದು. ಹೂವಿನ ಎಸಳು ಎಷ್ಟು ಅಗಲ, ಹೊಲಿಗೆ ಎಷ್ಟು ಒತ್ತು ಎಂಬ ವಿವರಗಳು ಇದರಲ್ಲಿರುತ್ತವೆ. ಗಾತ್ರ ಬದಲಿಸಬೇಕಾದರೆ ಇದರಿಂದಲೇ ಆಗಬೇಕು. ಹಣ ಕೊಟ್ಟು ಪಂಚಿಂಗ್ ಮಾಡಿಸುವಾಗ ತಾಯಿ ಕಡತವೂ ನಮಗೆ ಸೇರುತ್ತದೆಯೇ ಎಂದು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

2. ವಿಂಗಡಿಸುವ ಕ್ರಮ

ಸುಲಿದ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಮಾಡದೆ ಒಂದೇ ಚೀಲಕ್ಕೆ ತುಂಬಿದರೆ ಮಂಡಿಯಲ್ಲಿ ಬೆಲೆ ಹೇಳುವವರಿಲ್ಲ. ಪೆನ್‌ಡ್ರೈವಿನಲ್ಲಿ ಸಾವಿರ ವಿನ್ಯಾಸ ಒಟ್ಟಾಗಿ ಬಿದ್ದಿದ್ದರೂ ಅದೇ ಗತಿ. ಮೊಬೈಲಿಗೆ ಬಂದದ್ದು, ಅಂಗಡಿಯವರು ಯಂತ್ರದ ಜೊತೆ ಕೊಟ್ಟದ್ದು, ದುಡ್ಡು ಕೊಟ್ಟು ತಂದದ್ದು, ಎಲ್ಲ ಬೆರೆತಿರುತ್ತವೆ. ಒಂದೇ ಹೂವು ಮೂರು ಹೆಸರಿನಲ್ಲಿ ಇರುತ್ತದೆ.

ವಿಂಗಡಣೆಯನ್ನು ಚಿತ್ರದ ಮೇಲೆ ಮಾಡುವುದಕ್ಕಿಂತ ಬಟ್ಟೆಯ ಮೇಲೆ ಅದು ಕೂರುವ ಜಾಗದ ಮೇಲೆ ಮಾಡುವುದು ಅನುಕೂಲ. ಏಕೆಂದರೆ ಗಿರಾಕಿ ಬಂದಾಗ ಮೊದಲು ಕೇಳುವುದು ತೋಳಿಗೋ, ಬೆನ್ನಿಗೋ ಎಂಬುದು. ಕಂಪ್ಯೂಟರಿನಲ್ಲಿ ಹೀಗೆ ಫೋಲ್ಡರುಗಳನ್ನು ಮಾಡಿ:

(ಅ) ಕುತ್ತಿಗೆ, ಬೆನ್ನು
(ಆ) ತೋಳು
(ಇ) ಅಂಚು
(ಈ) ಬಿಡಿ ಹೂವು, ಬುಟ್ಟಾ
(ಉ) ಅಕ್ಷರ, ಹೆಸರು
(ಊ) ಇನ್ನೂ ಹೊಲಿದು ನೋಡದವು

ಕೊನೆಯದು ಬಹಳ ಮುಖ್ಯ. ಹೊಸದಾಗಿ ಬಂದ ಯಾವ ವಿನ್ಯಾಸವೂ ನೇರವಾಗಿ ಮೊದಲ ಐದರೊಳಗೆ ಹೋಗಬಾರದು. ನರ್ಸರಿಯ ಸಸಿ ಚೀಲದಲ್ಲಿದ್ದು ಬೇರು ಬಿಟ್ಟ ಮೇಲೆ ತೋಟಕ್ಕೆ ಹೋಗುವಂತೆ, ಚಿಂದಿ ಬಟ್ಟೆಯ ಮೇಲೆ ಒಮ್ಮೆ ಹೊಲಿದು ಸರಿ ಕಂಡ ಮೇಲೆಯೇ ಅದಕ್ಕೆ ಕ್ರಮಸಂಖ್ಯೆ ಕೊಟ್ಟು ಒಳಗೆ ಸೇರಿಸಬೇಕು.

ಹೆಸರು ಇಡುವಾಗ ಗಮನಿಸತಕ್ಕದ್ದು: ಹಳೆಯ ಯಂತ್ರಗಳ ಪರದೆಯಲ್ಲಿ ಉದ್ದದ ಹೆಸರು ಕಾಣುವುದಿಲ್ಲ, ಕನ್ನಡ ಅಕ್ಷರವನ್ನು ಅನೇಕ ಯಂತ್ರಗಳು ಓದುವುದಿಲ್ಲ. ಆದ್ದರಿಂದ ಕಡತದ ಹೆಸರು ಇಂಗ್ಲಿಷ್ ಅಕ್ಷರ, ಅಂಕೆಗಳಲ್ಲಿ ಎಂಟರೊಳಗೆ ಇರಲಿ; ವಿವರವೆಲ್ಲ ಕನ್ನಡದಲ್ಲಿ ಪುಸ್ತಕಕ್ಕೆ ಹೋಗಲಿ. ಉದಾಹರಣೆಗೆ 'ಎಸ್014ಎಲ್2' ಎಂದರೆ ತೋಳಿನ ಫೋಲ್ಡರಿನ 14ನೆಯ ವಿನ್ಯಾಸ, ಎಡಗೈಯದು, ಎರಡನೆಯ ತಿದ್ದುಪಡಿ. ಬಲಗೈಗೆ 'ಎಲ್' ಬದಲು 'ಆರ್' ಬರುತ್ತದೆ. ನವಿಲು, ಗಿಳಿ, ಆನೆಗಳಿರುವ ವಿನ್ಯಾಸದಲ್ಲಿ ಎಡ ಬಲದ ಗುರುತು ಇಲ್ಲದಿದ್ದರೆ ಎರಡು ತೋಳಿನ ನವಿಲೂ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತವೆ. ಅದು ಗೊತ್ತಾಗುವುದು ಎರಡನೆಯ ತೋಳು ಮುಗಿದ ಮೇಲೆ. ರೇಷ್ಮೆಯ ಮೇಲೆ ಬಿದ್ದ ಸೂಜಿಯ ತೂತು ಬಿಚ್ಚಿದರೂ ಮಾಯುವುದಿಲ್ಲ.

3. ವಿನ್ಯಾಸದ ಪುಸ್ತಕ

ತೋಟದ ಲೆಕ್ಕಕ್ಕೆ ಒಂದು ಪುಸ್ತಕ ಇರುವಂತೆ ಇದಕ್ಕೂ ಒಂದು ದಪ್ಪ ರಟ್ಟಿನ ಪುಸ್ತಕ ಇಡಬೇಕು. ಪ್ರತಿ ವಿನ್ಯಾಸಕ್ಕೆ ಒಂದು ಪುಟ. ಅದರಲ್ಲಿ ಕ್ರಮಸಂಖ್ಯೆ, ಅಗಲ ಮತ್ತು ಎತ್ತರ ಮಿಲಿಮೀಟರಿನಲ್ಲಿ, ಒಟ್ಟು ಹೊಲಿಗೆಗಳ ಸಂಖ್ಯೆ, ಬಣ್ಣಗಳ ಸಂಖ್ಯೆ ಮತ್ತು ಅನುಕ್ರಮ, ಬಳಸಿದ ದಾರದ ಕಂಪನಿ ಮತ್ತು ನಂಬರು, ಸೂಜಿಯ ನಂಬರು, ಅಡಿಗೆ ಹಾಕಿದ ಹಾಳೆ, ಯಂತ್ರದ ವೇಗ, ಹೊಲಿದ ತಾರೀಖು, ಕಂಡ ದೋಷ, ಇಷ್ಟನ್ನು ಬರೆಯಬೇಕು. ಚಿಂದಿಯ ಮೇಲೆ ಹೊಲಿದ ಮಾದರಿಯನ್ನು ಅದೇ ಪುಟಕ್ಕೆ ಪಿನ್ನು ಮಾಡಬೇಕು.

"ಅಕ್ಕಾ, ಹೋದ ವರ್ಷ ನಮ್ಮ ಓರಗಿತ್ತಿಗೆ ಹಾಕಿಕೊಟ್ಟಿರಲ್ಲ, ಅದೇ ನವಿಲು, ಅದೇ ಬಣ್ಣ ಬೇಕು" ಎಂದು ಕೇಳಿಕೊಂಡು ಬರುವ ಗಿರಾಕಿಗೆ ಮೊಬೈಲಿನ ಚಿತ್ರ ತೋರಿಸಿದರೆ ಬಣ್ಣ ಒಂದಕ್ಕೊಂದು ಹೊಂದುವುದಿಲ್ಲ. ಪುಸ್ತಕದ ಮಾದರಿಯನ್ನು ಸೀರೆಯ ಸೆರಗಿನ ಮೇಲಿಟ್ಟು ತೋರಿಸಿದರೆ ಅಲ್ಲೇ ತೀರ್ಮಾನವಾಗುತ್ತದೆ. ಮಗಳು ಹೊಲಿದದ್ದನ್ನು ಸೊಸೆಯೂ ಅದೇ ರೀತಿ ಹೊಲಿಯಬಲ್ಲಳು. ಕೆಲಸ ಗೊತ್ತಿರುವ ಒಬ್ಬರು ಬಾಣಂತನಕ್ಕೆ ಹೋದರೆ ಯಂತ್ರ ನಿಲ್ಲುವುದಿಲ್ಲ.

4. ಪ್ರತಿಗಳನ್ನು ಇಡುವುದು

ಪೆನ್‌ಡ್ರೈವ್ ಒಯ್ಯಲು ಇರುವ ಚೀಲ. ಅದನ್ನು ಕಣಜ ಮಾಡಿಕೊಳ್ಳಬಾರದು. ಆ ವಾರ ಹೊಲಿಯಬೇಕಾದ ಐದಾರು ಕಡತಗಳನ್ನು ಮಾತ್ರ ಅದಕ್ಕೆ ಹಾಕಿ, ಕೆಲಸ ಮುಗಿದ ಮೇಲೆ ಖಾಲಿ ಮಾಡಬೇಕು. ಪೂರ್ಣ ಸಂಗ್ರಹ ಮೂರು ಕಡೆ ಇರಲಿ: ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಡ್ರೈವಿನಲ್ಲಿ, ಮತ್ತೊಂದು ಮನೆಯ ಹೊರಗೆ. ಹೊರಗೆ ಎಂದರೆ ಅಂತರ್ಜಾಲದ ಉಗ್ರಾಣವಾಗಬಹುದು, ತವರುಮನೆಯ ಬೀರುವಿನಲ್ಲಿಟ್ಟ ಡ್ರೈವೂ ಆಗಬಹುದು. ಸಿಡಿಲಿಗೆ ಕಂಪ್ಯೂಟರು ಸುಟ್ಟರೆ ಪಕ್ಕದಲ್ಲಿ ಸಿಕ್ಕಿಸಿದ ಡ್ರೈವೂ ಉಳಿಯುವುದಿಲ್ಲ.

ಕೊಂಡು ತಂದ ವಿನ್ಯಾಸವನ್ನು ತಿದ್ದುವ ಮೊದಲು ಮೂಲವನ್ನು ಮುಟ್ಟದೆ ಒಂದು ಪ್ರತಿ ಎತ್ತಿಡಿ. ಅದರ ರಸೀತಿ, ಮಾರಿದವರ ಷರತ್ತು ಇವೂ ಜೊತೆಗಿರಲಿ. ಹೊಲಿದ ಬಟ್ಟೆ ಮಾರಲು ಒಪ್ಪಿಗೆ ಕೊಡುವ ಅನೇಕರು ಕಡತವನ್ನೇ ಇನ್ನೊಬ್ಬರಿಗೆ ಹಂಚಲು ಒಪ್ಪಿಗೆ ಕೊಟ್ಟಿರುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆ ಚಿತ್ರ ಬರೆದವರ ಹಕ್ಕನ್ನು ಕಾಯುತ್ತದೆ. ಇನ್ನೊಂದು ಮಾತು: ನಾವು ಎಲ್ಲ ಹೂಕೆಲಸಕ್ಕೂ ಕಸೂತಿ ಎನ್ನುತ್ತೇವೆ. ಆದರೆ ಧಾರವಾಡದ ಕಡೆಯ ಕಸೂತಿ ಎಳೆ ಎಣಿಸಿ, ಗಂಟು ಹಾಕದೆ ಕೈಯಲ್ಲಿ ಮಾಡುವ ಕೆಲಸ; ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬುವು ಅದರ ಹೊಲಿಗೆಗಳು. ಅದಕ್ಕೂ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಯಂತ್ರದಲ್ಲಿ ಹೊಲಿದ ಗೋಪುರ, ತೇರುಗಳನ್ನು ಆ ಹೆಸರಿನಲ್ಲಿ ಮಾರುವುದು ಕೈಕೆಲಸದವರ ಅನ್ನಕ್ಕೆ ಕೈ ಹಾಕಿದಂತೆ.

5. ಗಾತ್ರ ಬದಲಿಸುವಾಗ

ಅಡಿಕೆ ಸಸಿಯನ್ನು 2.7 ಮೀಟರ್ ಅಂತರಕ್ಕೆ ನೆಡುವುದು ಶಿಫಾರಸು. ಅಷ್ಟೇ ಸಸಿಗಳನ್ನು ಒಂದೂವರೆ ಪಟ್ಟು ಜಾಗಕ್ಕೆ ಹರಡಿದರೆ ನೆಲ ಖಾಲಿ ಕಾಣುತ್ತದೆ. ಅರ್ಧ ಜಾಗಕ್ಕೆ ತುರುಕಿದರೆ ಮರ ಸೊರಗುತ್ತದೆ. ಹೊಲಿಗೆ ಕಡತದ ಗಾತ್ರ ಬದಲಿಸಿದಾಗ ಆಗುವುದೂ ಇದೇ.

100 ಮಿಲಿಮೀಟರ್ ಅಗಲ, ಅಷ್ಟೇ ಎತ್ತರದ ವಿನ್ಯಾಸದಲ್ಲಿ 10,000 ಹೊಲಿಗೆಗಳಿವೆ ಎನ್ನೋಣ. ಅದನ್ನು 120 ಮಿಲಿಮೀಟರಿಗೆ ಹಿಗ್ಗಿಸಿದರೆ ಜಾಗ 1.44 ಪಟ್ಟು ಆಗುತ್ತದೆ. ಯಂತ್ರವು ಹೊಲಿಗೆಗಳನ್ನು ಹೊಸದಾಗಿ ಲೆಕ್ಕ ಹಾಕದೆ ಬರೀ ಎಳೆದರೆ ಹೊಲಿಗೆ 10,000ವೇ ಉಳಿದು ಬಟ್ಟೆ ಸಂದಿಯಲ್ಲಿ ಇಣುಕುತ್ತದೆ. 80 ಮಿಲಿಮೀಟರಿಗೆ ಕುಗ್ಗಿಸಿದರೆ 0.64ರಷ್ಟು ಜಾಗದಲ್ಲಿ ಅದೇ 10,000 ತೂತು ಬೀಳುತ್ತದೆ. ಬಟ್ಟೆ ಗಟ್ಟಿಯಾಗಿ ದಾರ ಕಡಿಯುತ್ತದೆ, ಸೂಜಿ ಮುರಿಯುತ್ತದೆ, ನವಿರಾದ ರೇಷ್ಮೆ ಕತ್ತರಿಸಿದಂತೆ ಬಿಟ್ಟುಕೊಳ್ಳುತ್ತದೆ.

ಆದ್ದರಿಂದ ಹೊಲಿಗೆ ಕಡತವನ್ನು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹಿಗ್ಗಿಸಬಾರದು, ಕುಗ್ಗಿಸಬಾರದು. ಅದಕ್ಕೂ ಮೀರಿ ಬೇಕಾದರೆ ತಾಯಿ ಕಡತದಿಂದ ಹೊಸದಾಗಿ ತೆಗೆಸಿ. ಸಾಮಾನ್ಯವಾಗಿ ಬಳಸುವ 40 ನಂಬರ್ ದಾರಕ್ಕೆ ತುಂಬು ಹೊಲಿಗೆಯ ಸಾಲುಗಳ ನಡುವೆ ಸುಮಾರು 0.4 ಮಿಲಿಮೀಟರ್ ಅಂತರ ವಾಡಿಕೆ.

6. ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆ

ದಾರ ಕಡಿದ ಕೂಡಲೆ ಸ್ಕ್ರೂ ತಿರುಗಿಸುವುದು, ಅದೂ ಸಾಲದೆಂದು ಸೂಜಿ ಬದಲಿಸುವುದು, ವೇಗ ಇಳಿಸುವುದು, ಎಲ್ಲವನ್ನೂ ಒಟ್ಟಿಗೆ ಮಾಡುವುದು ಅನೇಕರ ರೂಢಿ. ಕೊನೆಗೆ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂಬುದು ತಿಳಿಯುವುದಿಲ್ಲ. ನಾಳೆ ಮತ್ತೆ ಅದೇ ಪಾಡು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಈ ಅನುಕ್ರಮ ಒಳ್ಳೆಯದು: ಮೇಲುದಾರ, ಸೂಜಿ, ಬಾಬಿನ್, ಫ್ರೇಮು ಮತ್ತು ಹಾಳೆ, ಕಡತ, ಎಲ್ಲಕ್ಕೂ ಕೊನೆಗೆ ಯಂತ್ರ. ಖರ್ಚು ಕಡಿಮೆ ಇರುವುದು ಮೊದಲು ಬರುತ್ತದೆ.

ಇದಕ್ಕೆ ಪುಸ್ತಕ ನೆರವಾಗುವುದು ಹೀಗೆ. ಮೊದಲ ಪುಟದಲ್ಲಿ ಒಂದು ಸಾಕ್ಷಿ ವಿನ್ಯಾಸ ಇಟ್ಟುಕೊಳ್ಳಿ. ಹತ್ತಾರು ಸಲ ಚೆನ್ನಾಗಿ ಹೊಲಿದಿರುವ ಒಂದು ಸಣ್ಣ ಹೂವು, ಪಕ್ಕದಲ್ಲಿ ನಾಲ್ಕೈದು ಮಿಲಿಮೀಟರ್ ಅಗಲದ ಒಂದು ಸ್ಯಾಟಿನ್ ಪಟ್ಟಿ ಸಾಕು. ತೊಂದರೆ ಬಂದಾಗ ಅದನ್ನು ಹತ್ತಿಯ ಗಟ್ಟಿ ಬಟ್ಟೆಯ ಮೇಲೆ ಹೊಲಿಯಿರಿ. ಸಾಕ್ಷಿ ಚೆನ್ನಾಗಿ ಬಂದರೆ ಯಂತ್ರ ಸರಿಯಿದೆ. ದೋಷ ಹೊಸ ಕಡತದಲ್ಲಿ ಅಥವಾ ಆ ಬಟ್ಟೆಗೆ ಹಾಕಿದ ಹಾಳೆಯಲ್ಲಿದೆ. ಸಾಕ್ಷಿಯೂ ಕೆಟ್ಟರೆ ದಾರ, ಸೂಜಿ, ಬಾಬಿನ್ನು, ಯಂತ್ರ ಇವುಗಳನ್ನು ನೋಡಬೇಕು. ಹತ್ತು ನಿಮಿಷದ ಈ ಪರೀಕ್ಷೆ ಎಷ್ಟೋ ಸಲ ಮೆಕ್ಯಾನಿಕ್ಕನ್ನು ಪೇಟೆಯಿಂದ ಕರೆಸುವ ಖರ್ಚನ್ನು ಉಳಿಸುತ್ತದೆ.

7. ಸಾಮಾನ್ಯ ತೊಂದರೆಗಳು

ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟುವುದು: ಅಡಿಯಲ್ಲಿ ಕಂಡರೂ ಬಹುಪಾಲು ಕಾರಣ ಮೇಲುದಾರದ್ದು. ಪಾದ ಕೆಳಗಿಳಿದಿರುವಾಗ ದಾರ ಪೋಣಿಸಿದರೆ ಅದು ಬಿಗಿಯ ತಟ್ಟೆಗಳ ನಡುವೆ ಕೂರುವುದಿಲ್ಲ. ಪಾದವನ್ನು ಎತ್ತಿ, ಮೊದಲಿನಿಂದ ಪೋಣಿಸಿ, ಮೇಲೆ ಕೆಳಗೆ ಆಡುವ ಕೊಕ್ಕೆಯಲ್ಲಿ ದಾರ ಸಿಕ್ಕಿದೆಯೇ ನೋಡಿ. ಗೂಡು ಕಟ್ಟಿದ ಬಟ್ಟೆಯನ್ನು ಎಳೆಯಬೇಡಿ. ಫ್ರೇಮನ್ನು ಸ್ವಲ್ಪ ಎತ್ತಿ ಅಡಿಯ ಗಂಟನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ಬಿಡಿಸಬೇಕು.

ಮೇಲುದಾರ ಪದೇ ಪದೇ ಕಡಿಯುವುದು: ಸೂಜಿಯ ಚಪ್ಪಟೆ ಬದಿ ಸರಿಯಾದ ದಿಕ್ಕಿಗಿದೆಯೇ, ಪೂರ್ತಿ ಮೇಲಕ್ಕೆ ಕೂತಿದೆಯೇ ನೋಡಿ. ಸುಮಾರು ಎಂಟು ಗಂಟೆ ಹೊಲಿದ ಸೂಜಿಯನ್ನು ಬದಲಿಸುವುದು ಲಾಭ. ಸಾಮಾನ್ಯ ದಾರಕ್ಕೆ 75/11 ನಂಬರ್ ಸೂಜಿ ಸರಿ. ಜರಿ ದಾರಕ್ಕೆ ಕಣ್ಣು ದೊಡ್ಡದಿರುವ 90/14 ನಂಬರ್ ಬಳಸಿ, ಬಿಗಿ ಸಡಿಲಿಸಿ, ವೇಗವನ್ನು ನಿಮಿಷಕ್ಕೆ 400ರಿಂದ 500 ಹೊಲಿಗೆಗೆ ಇಳಿಸಿ. ಉಂಡೆಯನ್ನು ಯಂತ್ರದಿಂದ ಒಂದೆರಡು ಅಡಿ ದೂರವಿಟ್ಟರೆ ಜರಿಯ ಮುರುಟು ಬಿಡುತ್ತದೆ. ಒಂದೇ ಜಾಗಕ್ಕೆ ಬಂದಾಗ ಮಾತ್ರ ಕಡಿಯುತ್ತಿದ್ದರೆ ಅಲ್ಲಿ ಹೊಲಿಗೆಯ ಮೇಲೆ ಹೊಲಿಗೆ ಬಿದ್ದು ದಟ್ಟವಾಗಿದೆ ಎಂದರ್ಥ. ಅದನ್ನು ಕಡತದಲ್ಲಿ ತಿದ್ದಿಸಬೇಕು.

ಬಿಳಿ ಬಾಬಿನ್ ದಾರ ಮೇಲೆ ಕಾಣುವುದು: ಸಾಕ್ಷಿ ವಿನ್ಯಾಸದ ಸ್ಯಾಟಿನ್ ಪಟ್ಟಿಯನ್ನು ತಿರುಗಿಸಿ ನೋಡಿ. ಹಿಂಬದಿಯಲ್ಲಿ ನಡುವೆ ಮೂರನೇ ಒಂದು ಭಾಗ ಬಿಳಿ, ಎರಡೂ ಪಕ್ಕ ಬಣ್ಣದ ದಾರ ಇದ್ದರೆ ಬಿಗಿ ಸರಿ. ಬಿಳಿ ಕಾಣದಿದ್ದರೆ ಮೇಲುದಾರ ಸಡಿಲ. ಬಿಳಿಯೇ ತುಂಬಿದ್ದರೆ ಮೇಲುದಾರ ಬಿಗಿ. ಬಾಬಿನ್ ಕೇಸು ಹೊರಗೆ ತೆಗೆಯುವಂಥದ್ದಾದರೆ ದಾರ ಹಿಡಿದು ತೂಗಾಡಿಸಿ: ಮೆಲ್ಲನೆ ಜಗ್ಗಿದಾಗ ಸ್ವಲ್ಪ ಇಳಿದು ನಿಲ್ಲಬೇಕು. ಸರ್ರೆಂದು ಇಳಿದರೆ ಸಡಿಲ. ಸ್ಕ್ರೂವನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಅದಕ್ಕೂ ಮೊದಲು ಕೇಸಿನ ತಗಡಿನ ಅಡಿಯಲ್ಲಿ ನೂಲಿನ ಧೂಳು ಸಿಕ್ಕಿದೆಯೇ ನೋಡಿ. ಎಷ್ಟೋ ಸಲ ಕಾರಣ ಅದೇ.

ಬಟ್ಟೆ ಸುಕ್ಕಾಗುವುದು: ಫ್ರೇಮಿಗೆ ಹಾಕಿದ ಮೇಲೆ ಬಟ್ಟೆಯ ಅಂಚನ್ನು ಎಳೆದು ಬಿಗಿ ಮಾಡುವ ಅಭ್ಯಾಸವೇ ಮೊದಲ ಕಾರಣ. ಎಳೆದ ಬಟ್ಟೆ ಫ್ರೇಮು ಬಿಚ್ಚಿದಾಗ ತನ್ನ ಗಾತ್ರಕ್ಕೆ ಮರಳುತ್ತದೆ, ಹೊಲಿಗೆ ಮರಳುವುದಿಲ್ಲ. ಹಾಳೆ ಮತ್ತು ಬಟ್ಟೆಯನ್ನು ಒಟ್ಟಿಗೆ ಸಮತಟ್ಟಾಗಿ ಹಾಕಿ ನಂತರ ಸ್ಕ್ರೂ ಬಿಗಿಯಬೇಕು. ನವಿರಾದ ರೇಷ್ಮೆಗೆ, ಹಿಗ್ಗುವ ಬಟ್ಟೆಗೆ ಹರಿದು ತೆಗೆಯುವ ಹಾಳೆ ಸಾಲದು. ಕತ್ತರಿಸಿ ಬಿಡುವ ಗಟ್ಟಿ ಹಾಳೆ ಬೇಕು. ಬೆಲೆಬಾಳುವ ರೇಷ್ಮೆಯಲ್ಲಿ ಫ್ರೇಮಿನ ಗುರುತು ಬೀಳದಂತೆ ಒಳ ಉಂಗುರಕ್ಕೆ ಹತ್ತಿಯ ಪಟ್ಟಿ ಸುತ್ತುವುದು ಉತ್ತಮ.

ಅಂಚುಗೆರೆ ಹೂವನ್ನು ಬಿಟ್ಟು ಸರಿಯುವುದು: ಹೊಲಿಗೆ ತಾನು ಹೋಗುವ ದಿಕ್ಕಿನಲ್ಲಿ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ಬಟ್ಟೆ ಫ್ರೇಮಿನಲ್ಲಿ ಜಾರಿದ್ದರೆ ಈ ದೋಷ ಹೆಚ್ಚು. ಎರಡು ಪದರ ಹಾಳೆ ಹಾಕಿ ನೋಡಿ. ಆಗಲೂ ಸರಿಯದಿದ್ದರೆ ಪಂಚಿಂಗ್ ಮಾಡಿದವರಿಗೆ ಮಾದರಿಯನ್ನೇ ಕಳುಹಿಸಿ; ಅಡಿ ಹೊಲಿಗೆ ಸೇರಿಸಿ, ಎಳೆತಕ್ಕೆ ತಕ್ಕಷ್ಟು ಅಗಲ ಕೊಟ್ಟು ತಿದ್ದುತ್ತಾರೆ. ತಿದ್ದಿದ ಕಡತಕ್ಕೆ ಹೊಸ ಅಂಕಿ ಕೊಟ್ಟು ಹಳೆಯದನ್ನು ಬೇರೆ ಇಡಿ.

ಸೂಜಿ ಮುರಿಯುವುದು: ಯಂತ್ರಕ್ಕೆ ಹೇಳಿದ ಫ್ರೇಮು ಒಂದು, ಸಿಕ್ಕಿಸಿದ ಫ್ರೇಮು ಇನ್ನೊಂದು ಆದಾಗ ಸೂಜಿ ಅಂಚಿಗೆ ಬಡಿಯುತ್ತದೆ. ಹೊಲಿಯುವ ಮೊದಲು ಸುತ್ತಳತೆ ತೋರಿಸುವ ಗುಂಡಿ ಒತ್ತಿ ಒಮ್ಮೆ ಸುತ್ತು ಹಾಕಿಸಿ. ಮುರಿದ ಸೂಜಿಯ ಎಲ್ಲ ಚೂರುಗಳೂ ಸಿಗುವ ತನಕ ಯಂತ್ರ ಚಾಲೂ ಮಾಡಬಾರದು. ರವಿಕೆಯಲ್ಲಿ ಉಳಿದ ಚೂರು ಉಟ್ಟವರನ್ನು ಚುಚ್ಚುತ್ತದೆ, ಕೊಕ್ಕೆಯ ಬಳಿ ಉಳಿದ ಚೂರು ಯಂತ್ರವನ್ನು ಕೆಡಿಸುತ್ತದೆ.

ಯಂತ್ರಕ್ಕೆ ವಿನ್ಯಾಸ ಕಾಣದಿರುವುದು: ಕಡತದ ಬಗೆ ಆ ಯಂತ್ರದ್ದೇ ಇರಬೇಕು. ವಿನ್ಯಾಸ ಫ್ರೇಮಿಗಿಂತ ಒಂದು ಮಿಲಿಮೀಟರ್ ದೊಡ್ಡದಿದ್ದರೂ ಕೆಲವು ಯಂತ್ರ ಅದನ್ನು ತೋರಿಸುವುದಿಲ್ಲ. ಹಳೆಯ ಯಂತ್ರಕ್ಕೆ ಹೆಚ್ಚು ಸಾಮರ್ಥ್ಯದ ಪೆನ್‌ಡ್ರೈವ್ ಒಗ್ಗುವುದಿಲ್ಲ. ಸಣ್ಣದನ್ನು 'ಫ್ಯಾಟ್ 32' ಬಗೆಯಲ್ಲಿ ಫಾರ್ಮ್ಯಾಟ್ ಮಾಡಿ ಬಳಸಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ. ಪೆನ್‌ಡ್ರೈವನ್ನು ಕಣಜ ಮಾಡಬಾರದೆಂದು ನಾವು ಹೇಳಿದ್ದಕ್ಕೆ ಇದೂ ಒಂದು ಕಾರಣ.

ನಡುವೆ ಕರೆಂಟು ಹೋಗುವುದು: ಬಹಳಷ್ಟು ಯಂತ್ರಗಳು ನಿಂತ ಹೊಲಿಗೆಯನ್ನು ನೆನಪಿಡುತ್ತವೆ. ನೆನಪಿಡದ ಯಂತ್ರವಾದರೆ ಪ್ರತಿ ಬಣ್ಣ ಬದಲಾದಾಗ ಹೊಲಿಗೆಯ ಸಂಖ್ಯೆಯನ್ನು ಬರೆದುಕೊಳ್ಳಿ. ಫ್ರೇಮಿನಿಂದ ಬಟ್ಟೆ ತೆಗೆಯಬಾರದು. ಕರೆಂಟು ಬಂದ ಮೇಲೆ ಹತ್ತಾರು ಹೊಲಿಗೆ ಹಿಂದಕ್ಕೆ ಹೋಗಿ ಶುರುಮಾಡಿದರೆ ಕೂಡು ಬಿಡುವುದಿಲ್ಲ.

8. ಯಂತ್ರ ಇಡುವ ಜಾಗ

ದಿಬ್ಬೂರಹಳ್ಳಿ ಕಡೆಯವರಿಗೆ ಒಂದು ವಿಶೇಷ ಸೂಚನೆ. ಹುಳು ಸಾಕುವ ಮನೆಯನ್ನು ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ಶುದ್ಧಿ ಮಾಡುತ್ತೀರಿ. ಅದರ ಹವೆ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಸುಣ್ಣದ ಪುಡಿ ಎಣ್ಣೆಯ ಜೊತೆ ಸೇರಿ ಕೊಕ್ಕೆಯ ಬಳಿ ಅಂಟಾಗುತ್ತದೆ. ಯಂತ್ರ ಬೇರೆ ಕೋಣೆಯಲ್ಲೇ ಇರಬೇಕು. ಮಲೆನಾಡಿನ ಮನೆಗಳಲ್ಲಿ ಅಡಿಕೆ ಸಿಪ್ಪೆಯ ಧೂಳು, ಮಳೆಗಾಲದ ತೇವ ಇವೇ ಶತ್ರುಗಳು. ದಾರದ ಉಂಡೆ, ಹಾಳೆಗಳನ್ನು ಮುಚ್ಚಳವಿರುವ ಡಬ್ಬದಲ್ಲಿಡಿ. ವಾರಕ್ಕೊಮ್ಮೆ ಬಾಬಿನ್ ಜಾಗದ ಧೂಳನ್ನು ಕುಂಚದಿಂದ ತೆಗೆಯಿರಿ. ಬಾಯಿಂದ ಊದಿದರೆ ಎಂಜಲ ತೇವ ಒಳಗೆ ಸೇರುತ್ತದೆ. ಎಣ್ಣೆಯನ್ನು ಯಂತ್ರದ ಕೈಪಿಡಿ ಹೇಳಿದ ಜಾಗಕ್ಕೆ, ಹೇಳಿದಷ್ಟೇ ಹಾಕಬೇಕು.

9. ಕೂಲಿಯ ಲೆಕ್ಕ

ಪುಸ್ತಕದಲ್ಲಿ ಹೊಲಿಗೆಯ ಸಂಖ್ಯೆ ಬರೆದಿದ್ದರೆ ಕೂಲಿ ಕಟ್ಟುವುದು ಸುಲಭ. ಒಂದು ತೋಳಿಗೆ 18,000 ಹೊಲಿಗೆ, ನಿಮಿಷಕ್ಕೆ 600ರ ವೇಗ ಎಂದರೆ ಯಂತ್ರ ಓಡುವುದು 30 ನಿಮಿಷ. ಒಂದೇ ಸೂಜಿಯ ಯಂತ್ರದಲ್ಲಿ ಆರು ಬಣ್ಣವಿದ್ದರೆ ಐದು ಸಲ ದಾರ ಬದಲಿಸಬೇಕು. ಸಲಕ್ಕೆ ಎರಡು ನಿಮಿಷದಂತೆ 10 ನಿಮಿಷ. ಫ್ರೇಮಿಗೆ ಹಾಕಲು 10, ಕೊನೆಗೆ ದಾರ ಕತ್ತರಿಸಿ ಹಾಳೆ ತೆಗೆಯಲು 10. ಒಟ್ಟು ಒಂದು ಗಂಟೆ. ಎರಡು ತೋಳಿಗೆ ಎರಡು ಗಂಟೆ. ಸಾವಿರ ಹೊಲಿಗೆಗೆ ಇಷ್ಟು ಎಂದು ಪೇಟೆಯ ದರವನ್ನೇ ಹಿಡಿದು ಹೇಳುವವರು ಉಳಿದ ಅರ್ಧ ಗಂಟೆಯನ್ನು ಪುಕ್ಕಟೆ ಕೊಟ್ಟಂತಾಗುತ್ತದೆ. ಪೇಟೆಯ ಹತ್ತು, ಹದಿನೈದು ಸೂಜಿಯ ಯಂತ್ರಕ್ಕೆ ಬಣ್ಣ ಬದಲಿಸುವ ಹೊತ್ತು ಬೇಕಿಲ್ಲ; ಮನೆಯ ಯಂತ್ರಕ್ಕೆ ಬೇಕು. ಆದ್ದರಿಂದ ಒಂದೇ ಸೂಜಿಯವರು ಎರಡು ಮೂರು ಬಣ್ಣದ ವಿನ್ಯಾಸಗಳನ್ನು ಹೆಚ್ಚು ಇಟ್ಟುಕೊಳ್ಳುವುದು ಜಾಣತನ. ಮೇಲುದಾರ ಸಾವಿರ ಹೊಲಿಗೆಗೆ ಸುಮಾರು 5ರಿಂದ 6 ಮೀಟರ್ ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ ದಾರದ ಖರ್ಚನ್ನೂ ಸೇರಿಸಿ.

ಗಿರಾಕಿಯ ಬಟ್ಟೆಗೆ ಕೈ ಹಾಕುವ ಮೊದಲು ಅದೇ ಬಗೆಯ ಚೂರಿನ ಮೇಲೆ ಪರೀಕ್ಷೆ ಕಡ್ಡಾಯ ಎಂಬುದನ್ನು ಮತ್ತೆ ಹೇಳಬೇಕಿಲ್ಲ. ರವಿಕೆ ಬಟ್ಟೆ ಅಳತೆ ಹಾಕಿ ಕತ್ತರಿಸುವ ಮೊದಲೇ ಕಸೂತಿ ಮಾಡಿದರೆ ಅಂಚಿನ ಚೂರು ಪರೀಕ್ಷೆಗೆ ದೊರೆಯುತ್ತದೆ, ಫ್ರೇಮಿಗೆ ಹಿಡಿತವೂ ಸಿಗುತ್ತದೆ.

10. ಯಾವಾಗ ಶುರುಮಾಡಬೇಕು?

ಆಷಾಢದಲ್ಲಿ ಮದುವೆಗಳಿಲ್ಲ, ಮಲೆನಾಡಿನಲ್ಲಿ ಮಳೆ ಹಿಡಿದು ತೋಟದ ಕೆಲಸವೂ ಕಡಿಮೆ. ವಿಂಗಡಣೆಗೆ ಅದೇ ಸಕಾಲ. ದಿನಕ್ಕೆ ಹತ್ತು ವಿನ್ಯಾಸದಂತೆ ಕೂತರೆ ತಿಂಗಳಿಗೆ ಮುನ್ನೂರು ಆಗುತ್ತವೆ. ಶ್ರಾವಣದ ಹೊತ್ತಿಗೆ ಪುಸ್ತಕ ಕೈಯಲ್ಲಿರುತ್ತದೆ. ಇರುವ ಸಾವಿರದಲ್ಲಿ ನಿಜವಾಗಿ ಕೆಲಸಕ್ಕೆ ಬರುವುವು ನೂರಿನ್ನೂರು ಎಂದು ಅಷ್ಟರಲ್ಲಿ ನಿಮಗೇ ತಿಳಿಯುತ್ತದೆ. ಉಳಿದವನ್ನು ಅಳಿಸಬೇಕಿಲ್ಲ, ಬೇರೆ ಡ್ರೈವಿಗೆ ಹಾಕಿ ಕಟ್ಟಿಡಿ.

ಹೊಸದಾಗಿ ಕಲಿಯುವವರು ಯಂತ್ರ ಕೊಳ್ಳುವ ಮೊದಲು ತರಬೇತಿ ಪಡೆಯುವುದು ಒಳಿತು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ, ಅದರ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಆರ್‌ಸೆಟಿ ಕೇಂದ್ರಗಳು ಗ್ರಾಮೀಣ ಯುವಜನರಿಗೆ ಸ್ವ ಉದ್ಯೋಗದ ತರಬೇತಿಯನ್ನು ಉಚಿತವಾಗಿ ಕೊಡುತ್ತವೆ. ಹೊಲಿಗೆ, ಕಸೂತಿ ತರಬೇತಿಯ ತಂಡ ಯಾವಾಗ ಎಂದು ನಿಮ್ಮ ಜಿಲ್ಲೆಯ ಕೇಂದ್ರದಲ್ಲಿ ವಿಚಾರಿಸಬಹುದು.

ಒಂದು ಊರಿನಲ್ಲಿ ನಾಲ್ಕಾರು ಯಂತ್ರಗಳಿದ್ದರೆ ಸಾಕ್ಷಿ ವಿನ್ಯಾಸವನ್ನು ಎಲ್ಲರೂ ಒಂದೇ ಇಟ್ಟುಕೊಳ್ಳಿ ಎಂದು ನಾವು ಸೂಚಿಸುತ್ತೇವೆ. ಒಬ್ಬರ ಯಂತ್ರದಲ್ಲಿ ಸರಿಯಾಗಿ ಬಂದು ಇನ್ನೊಬ್ಬರದರಲ್ಲಿ ಕೆಟ್ಟರೆ ಮಾದರಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ದೋಷ ಎಲ್ಲಿದೆ ಎಂದು ಅಲ್ಲಿಯೇ ಹೊಳೆಯುತ್ತದೆ. ಸೂಜಿ, ಹಾಳೆ, ದಾರಗಳನ್ನು ಒಟ್ಟಾಗಿ ತರಿಸಿದರೆ ಬೆಲೆಯಲ್ಲೂ ಅನುಕೂಲ. ಗೊಬ್ಬರವನ್ನು ಒಟ್ಟಾಗಿ ಕೊಳ್ಳಲು, ಬೆಳೆಯನ್ನು ಒಟ್ಟಾಗಿ ಮಾರಲು ಕಲಿತ ನಮಗೆ ಇದು ಕಷ್ಟದ ಕೆಲಸವಲ್ಲ.